ತೊಟ್ಟಿಲಿಗೆ ಬಂದ ಪತಂಗಗಳು

ಕಾಲೇಜಿಗೆ ಬೇಸಿಗೆ ರಜೆ ಬಿಟ್ಟಾಗ ನಾನು ಚಿತ್ತಾಪುರದಿಂದ ಶಹಾಬಾದಿನ ನಮ್ಮ ಮನೆಗೆ ಬಟ್ಟೆಯ ಚೀಲದ ಜೊತೆ ಮಣ್ಣು ತುಂಬಿದ ಒಂದು ಅಗಲವಾದ ಟ್ರೇಯನ್ನೂ ತಂದಿದ್ದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ಕಂಡು ಕಂಡಕ್ಟರು, "ಏನ್ರಿ ಮೇಡಂ, ಊರಾಗ ಮಣ್ಣು ಇಲ್ಲೇನು?" ಅಂದಿದ್ದ. ನಾನು ನಕ್ಕಿದ್ದೆ. ಆ ಮಣ್ಣಿನೊಳಗೆ ಕಂಬಳಿಹುಳುವಿನ ಕೋಶಗಳು ಮಲಗಿದ್ದವು. ಹಿಂದಿನ ಮಳೆಗಾಲದಲ್ಲಿ ಸೇಡಂ ಕಡೆಯ ಶೇಂಗಾ ಹೊಲಗಳನ್ನು ತಿಂದು ತೇಗಿದ ಹುಳುಗಳು ಅವು. ಹೊಟ್ಟೆ ತುಂಬಿದ ಮೇಲೆ ಬದುವಿನ ಮಣ್ಣಿಗಿಳಿದು, ಕಂದು ಬಣ್ಣದ ಗಟ್ಟಿ ಕೋಶಗಳಾಗಿ, ಮುಂದಿನ ಮುಂಗಾರು ಬರುವವರೆಗೂ ಅಲುಗಾಡದೆ ಬಿದ್ದಿರುತ್ತವೆ. ಮಳೆ ಬಿದ್ದ ಮೇಲೆ ಪತಂಗಗಳಾಗಿ ಏಳುತ್ತವೆ.

ನಾನು ಪ್ರಾಣಿಶಾಸ್ತ್ರ ಕಲಿಸುವವಳು. ನಲವತ್ತರ ಹತ್ತಿರ ಬಂದ ಮೇಲೆ ಪಿಎಚ್.ಡಿ. ಹಿಡಿದಿದ್ದೆ. ಮದುವೆಯಾಗಿರಲಿಲ್ಲ. ತಾಯಿ, ತಮ್ಮ, ತಮ್ಮನ ಹೆಂಡತಿ, ಅವರ ದೊಡ್ಡ ಮಗ, ಈಗ ಹೊಸದಾಗಿ ಬಂದ ಹೆಣ್ಣುಕೂಸು, ಇಷ್ಟೇ ನಮ್ಮ ಮನೆ.

ಟ್ರೇ ನೋಡಿ ಅವ್ವ ಕೇಳಿದ್ದಳು, "ಸತ್ತಾವೋ ಬದುಕ್ಯಾವೋ?"

"ನಿದ್ದಿ ಮಾಡ್ಲಿಕತ್ತಾವ."

"ಮತ್ತ ಎಬ್ಬಸಾವ್ರು ಯಾರು?"

"ಅವುಗಳ ಮಿದುಳೇ ಎಬ್ಬಸ್ತದ, ಅವ್ವ."

ಅವ್ವ ನಂಬಲಿಲ್ಲ. ಇಷ್ಟು ಸಣ್ಣ ಹುಳಕ್ಕೆ ಮಿದುಳೇ ಇರುತ್ತದೆಂದು ಆಕೆಗೆ ಅನ್ನಿಸಿರಲಿಲ್ಲ. ನಾನು ಹುಮ್ಮಸ್ಸಿನಿಂದ ಹೇಳತೊಡಗಿದೆ. ಹುಳು ಬೆಳೆದು ಪತಂಗವಾಗಬೇಕಾದರೆ ಮಿದುಳಿನಲ್ಲಿರುವ ಕೆಲವೇ ಜೀವಕೋಶಗಳು ಒಂದು ರಸವನ್ನು ಬಿಡಬೇಕು. ಅವು ಆ ರಸವನ್ನು ತಡೆಹಿಡಿದರೆ ಮೈಯೆಲ್ಲ ಇದ್ದಲ್ಲೇ ನಿಲ್ಲುತ್ತದೆ. ಸಾವಲ್ಲ, ಬೆಳವಣಿಗೆಯೂ ಅಲ್ಲ. ಎಷ್ಟೋ ಕೀಟಗಳಲ್ಲಿ ಹುಳು ಇನ್ನೂ ಹಸಿರೆಲೆ ತಿನ್ನುತ್ತಿರುವಾಗಲೇ ಮಿದುಳು ಹಗಲಿನ ಉದ್ದ ಅಳೆದು, ಕೆಟ್ಟ ಕಾಲ ಬರುವ ಮೊದಲೇ ನಿಲ್ಲುವ ತೀರ್ಮಾನ ಮಾಡಿಬಿಡುತ್ತದೆ. ನನ್ನ ಹುಳುಗಳಿಗೆ ಮಣ್ಣಿನ ತೇವದ ಸುದ್ದಿ ಮಿದುಳಿಗೆ ಹೇಗೆ ಮುಟ್ಟುತ್ತದೆ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಅದಕ್ಕಾಗಿ ಅವನ್ನು ಒಣಗಿದ ಮಣ್ಣಿನಲ್ಲೇ ಕಾಯ್ದಿಡಬೇಕಿತ್ತು, ರಜೆಯಲ್ಲಿ ಲ್ಯಾಬಿನಲ್ಲಿ ನೋಡಿಕೊಳ್ಳುವವರು ಇರಲಿಲ್ಲ.

ಶಹಾಬಾದಿನ ಬೇಸಿಗೆ ಗೊತ್ತಲ್ಲ. ಮನೆಯ ನೆಲವೂ ಕಲ್ಲು, ಗೋಡೆಯೂ ಕಲ್ಲು, ಹೊರಗೆ ಪಾಲಿಶ್ ಮಷೀನುಗಳ ಬಿಳಿ ಧೂಳು. ಕೋಶಗಳು ಬೆಂದುಹೋದಾವೆಂದು ಹೆದರಿ ನಾನೇ ಟ್ರೇಯನ್ನು ನಡುಮನೆಯ ಕೂಲರಿನ ಹಿಂದೆ, ನೆರಳಿಗೆ ಸರಿಸಿಟ್ಟೆ. ಕೂಲರಿನ ಪೈಪು ಸೋರುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ. ದಿನವೂ ಹನಿ ಹನಿ ನೀರು ಟ್ರೇಯ ಒಂದು ಮಗ್ಗುಲಿಗೆ ಇಳಿಯಿತು. ಮೇಲಿನ ಮಣ್ಣು ಒಣಗಿದಂತೆಯೇ ಕಾಣುತ್ತಿತ್ತು. ನಾನು ಅದರ ಮೇಲೊಂದು ಬಲೆಬಟ್ಟೆ ಹೊದಿಸಿ, ಕೂಸಿನ ತೊಟ್ಟಿಲ ಕಾರ್ಯದ ಗಡಿಬಿಡಿಯಲ್ಲಿ ಮರೆತುಬಿಟ್ಟೆ.

ಎರಡನೆಯ ಹೆರಿಗೆಯಾದ್ದರಿಂದ ತೊಟ್ಟಿಲು ನಮ್ಮ ಮನೆಯಲ್ಲೇ. ಚಿಂಚೋಳಿಯಿಂದ ತಮ್ಮನ ಹೆಂಡತಿಯ ತವರಿನವರು ಜೀಪು ಮಾಡಿಕೊಂಡು ಬಂದಿದ್ದರು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಗ್ಗರಿಯ ವಾಸನೆ, ಮಲ್ಲಿಗೆಯ ವಾಸನೆ, ಬೆವರು. ದೀಪ ಹಚ್ಚುವ ಹೊತ್ತಿಗೆ ಕೂಸಿಗೆ ಹೆಸರಿಡಲು ನನ್ನನ್ನು ಕರೆದರು. ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತ ನಗಬೇಕು. ಮದುವೆಯ ಮನೆಗಳಲ್ಲೆಲ್ಲ ಮೂಲೆ ಹಿಡಿದು ಕೂರುವ ನನಗೆ ಅವತ್ತು ನಡುವೆ ನಿಲ್ಲುವ ಸರದಿ. ಹೊಸ ಇಳಕಲ್ ಸೀರೆ ಉಟ್ಟಿದ್ದೆ.

ಬಗ್ಗಿ ಕೂಸಿನ ಕಿವಿಯ ಹತ್ತಿರ ಬಾಯಿ ಇಟ್ಟಿದ್ದೆ. ಬೆನ್ನಿಗೆ ಮೊದಲ ಗುದ್ದು ಬಿದ್ದಿತ್ತು. ಅಷ್ಟರಲ್ಲಿ ಯಾರೋ ಚೀರಿದರು.

ಕೂಲರಿನ ಹಿಂದಿನ ಪರದೆಯನ್ನು ಹತ್ತಿ, ರೆಕ್ಕೆ ಒಣಗಿಸಿಕೊಂಡ ಪತಂಗಗಳು ಟ್ಯೂಬ್‌ಲೈಟಿಗೆ ಏಳುತ್ತಿದ್ದವು. ಬಲೆಬಟ್ಟೆಯನ್ನು ಯಾರೋ ಮಕ್ಕಳು ಸರಿಸಿದ್ದಿರಬೇಕು. ಬಿಳಿ ರೆಕ್ಕೆ, ಅಂಚಿಗೆ ಹಳದಿ ಗೆರೆ. ಒಂದು ಬೀಗತಿಯ ಹೆರಳಿನ ಮೇಲೆ ಕೂತಿತು, ಒಂದು ಗುಗ್ಗರಿಯ ಪರಾತದಲ್ಲಿ ಬಿತ್ತು. ಹೆಂಗಸರು ಸೆರಗು ಬೀಸುತ್ತ ಎದ್ದರು. ತೊಟ್ಟಿಲಿಗೆ ಯಾರದೋ ಮೊಣಕೈ ಬಡಿದು ಅದು ಜೋರಾಗಿ ಓಲಾಡಿತು. ಕೂಸು ಒಂದೇ ಸಮನೆ ಅಳತೊಡಗಿತು.

ಆಗಲೇ ಒಂದು ಪತಂಗ ತೊಟ್ಟಿಲಿನ ಬಿಳಿ ಬಟ್ಟೆಯ ಮೇಲೆ, ಕೂಸಿನ ಭುಜದ ಪಕ್ಕದಲ್ಲಿ ಬಂದು ಕೂತಿತು. ಅದರ ಮೇಲೆ ಒಬ್ಬಳು ಟವೆಲ್ ಎತ್ತಿದಳು.

"ಹೊಡೀಬ್ಯಾಡ್ರಿ!" ಎಂದು ನಾನು ಕೂಗಿದೆ. ಎರಡೂ ಕೈ ಚಾಚಿ, ರೆಕ್ಕೆ ನಲುಗದಂತೆ ಪತಂಗವನ್ನು ಬೊಗಸೆಯಲ್ಲಿ ಮುಚ್ಚಿ ಎತ್ತಿಕೊಂಡೆ.

ಓಲಾಡುತ್ತಿದ್ದ ತೊಟ್ಟಿಲನ್ನು ಹಿಡಿದದ್ದು ಅವ್ವ. ಕೂಸನ್ನು ಎತ್ತಿದ್ದು ಅದರ ತಾಯಿ. ನಾನು ಅವರ ಪಕ್ಕದಲ್ಲೇ, ಬೊಗಸೆಯೊಳಗೆ ಪಟಪಟ ಎನ್ನುವ ಹುಳವನ್ನು ಹಿಡಿದುಕೊಂಡು ನಿಂತಿದ್ದೆ. ನಡುಮನೆಯ ಕಣ್ಣುಗಳೆಲ್ಲ ನನ್ನ ಕೈಯ ಮೇಲಿದ್ದವು.

ತಮ್ಮನ ಹೆಂಡತಿ ಕೂಗಾಡಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು ಮೆಲ್ಲಗೆ ಅಂದಳು, "ಅಕ್ಕಾ, ಕೂಸು ಅಷ್ಟು ಅಳ್ಲಿಕತ್ತಿತ್ತು. ನೀವು ಹುಳ ಹಿಡದ್ರಿ."

"ಅದು ಕಚ್ಚೂದಿಲ್ಲ, ಅದಕ್ಕ ಕಚ್ಚೋ ಬಾಯೇ ಇಲ್ಲ..." ಅಂದೆ. ಅಲ್ಲಿ ಅದು ಉತ್ತರವೇ ಆಗಿರಲಿಲ್ಲ.

ಹಿಂದಿನಿಂದ ಒಬ್ಬಳ ದನಿ ಕೇಳಿಸಿತು: "ತಾನು ಹಡದಿದ್ರ ಗೊತ್ತಾಗ್ತಿತ್ತು, ಬಿಡ್ರಿ."

ಆ ಮಾತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯೇರಿತು, ಅಷ್ಟೇ. ನಾನು ಹೊರಗೆ ಹೋಗಿ ಪತಂಗವನ್ನು ಕಂಪೌಂಡಿನ ಬೇವಿನ ಗಿಡದ ಮೇಲೆ ಬಿಟ್ಟೆ. ಒಳಗೆ ಬರುವಷ್ಟರಲ್ಲಿ ಚಿಂಚೋಳಿಯಿಂದ ಬಂದಿದ್ದ ಸಣ್ಣವ್ವ, ಕೂಸಿನ ತಾಯಿಯ ತಂಗಿ, ಅದರ ಕಿವಿಯಲ್ಲಿ ಹೆಸರು ಹೇಳಿ ಮುಗಿಸಿದ್ದಳು. ಬೆನ್ನಿಗೆ ಗುದ್ದಿಸಿಕೊಂಡು ಅವಳು ನಗುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ, ಬೇಡದಿದ್ದರೂ ಪಾತ್ರೆ ತಿಕ್ಕುತ್ತ ಕೂತೆ. ಅವ್ವ ಬಂದು ಇನ್ನೊಂದಿಷ್ಟು ಪಾತ್ರೆ ಇಟ್ಟು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ತಮ್ಮ ಟ್ರೇಯನ್ನು ಅಂಗಳಕ್ಕೆ ತಂದಿಟ್ಟ. "ಅಕ್ಕಾ, ಇದು ಮನ್ಯಾಗ ಬ್ಯಾಡ" ಅಂದ. ಮುಖ ನೋಡಲಿಲ್ಲ. ಮಣ್ಣು ಕೆದರಿ ನೋಡಿದೆ. ನೀರು ಹತ್ತಿದ ಮಗ್ಗುಲಿನ ಕೋಶಗಳು ಒಡೆದು ಬರೀ ಸಿಪ್ಪೆಯಾಗಿದ್ದವು. ಒಣ ಮಗ್ಗುಲಿನವು ಇನ್ನೂ ಹಾಗೆಯೇ ಮಲಗಿದ್ದವು. ಕೂಲರಿನ ನೀರನ್ನು ಮುಂಗಾರೆಂದು ನಂಬಿದ್ದವು ಆ ಪುಟ್ಟ ಮಿದುಳುಗಳು. ಬೇರೆ ದಿನವಾಗಿದ್ದರೆ ನಾನು ಕುಣಿದಾಡುತ್ತಿದ್ದೆ, ಏಕೆಂದರೆ ಕೇಳಬೇಕೆಂದಿದ್ದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇತ್ತು. ಒಳಗೊಳಗೇ ಒಂದು ಕ್ಷಣ ಖುಷಿಯೂ ಆಯಿತು. ಆ ಖುಷಿ ಅರಿವಿಗೆ ಬಂದ ಕೂಡಲೇ ಹಿಂದಿನ ಸಂಜೆಗಿಂತ ಹೆಚ್ಚು ನಾಚಿಕೆಯಾಯಿತು. ಉಳಿದ ಕೋಶಗಳನ್ನು ಡಬ್ಬಿಗೆ ಹಾಕಿಕೊಂಡು ವಾಡಿಯ ಮೇಲಿಂದ ಚಿತ್ತಾಪುರಕ್ಕೆ ಹೋಗುವ ಬಸ್ಸು ಹತ್ತಿ, ಕಾಲೇಜಿನ ಲ್ಯಾಬಿನ ಬೀಗ ತೆಗೆಸಿ ಅಲ್ಲಿ ಇಟ್ಟು ಬಂದೆ.

ಆಮೇಲೆ ಅದೇ ಮನೆಯಲ್ಲಿ ಇರುವುದೇ ಕಷ್ಟವಾಯಿತು. ಕೂಸು ಅತ್ತರೆ ಎದ್ದು ಹೋಗುವುದೋ ಕೂತಿರುವುದೋ ತಿಳಿಯುತ್ತಿರಲಿಲ್ಲ. ಎದ್ದರೆ ತೋರಿಕೆ ಅನ್ನಿಸೀತು, ಕೂತರೆ ಅವತ್ತಿನದೇ ನೆನಪಾದೀತು. ಒಂದು ಬೆಳಗ್ಗೆ ತಮ್ಮನ ಹೆಂಡತಿಗೆ ಹೇಳಿಯೇಬಿಟ್ಟೆ, "ಅವತ್ತು ನಂಗ ಮೊದಲು ಕಂಡದ್ದು ಹುಳ. ಖರೇ ಹೇಳ್ತೀನಿ, ಕೂಸು ಕಾಣಲಿಲ್ಲ. ಯಾಕಂತ ನಂಗೂ ಗೊತ್ತಿಲ್ಲ ತಂಗಿ."

ಅವಳು ಕೂಸಿನ ಲಂಗೋಟಿ ಹಿಂಡುತ್ತಿದ್ದಳು. "ನಂಗ ಭಾಳ ಕೆಟ್ಟ ಅನಿಸ್ತ್ರಿ ಅಕ್ಕಾ," ಅಂದಳು. "ಇಲ್ಲ ಅನ್ನೂದಿಲ್ಲ." ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳದಿದ್ದುದೇ ನನಗೆ ಗೌರವ ಕೊಟ್ಟಂತೆ ಅನ್ನಿಸಿತು.

ಕಾಲೇಜು ಸುರುವಾಗುವ ಮುಂಚೆ ಒಂದು ದಿನ ಅವಳು ಕೂಸನ್ನು ತಂದು ನನ್ನ ಚಾಚಿದ ಕಾಲುಗಳ ಮೇಲೆ ಮಲಗಿಸಿದಳು. "ಹಿಡೀರಿ ಒಂದೀಟು. ಎಣ್ಣಿ ಬಿಸಿ ಮಾಡ್ಕೊಂಡು ಬರ್ತೀನಿ." ನಾನು ಒಂದು ಅಂಗೈಯನ್ನು ಕೂಸಿನ ತಲೆಯ ಕೆಳಗೆ ಕೊಟ್ಟೆ. ಬಾಗಿಲಿನಿಂದಲೇ ತಿರುಗಿ ಕೇಳಿದಳು, "ಆ ಹುಳದ ಮಿದುಳು ಎಷ್ಟ ದೊಡ್ಡದು ಇರ್ತದ್ರಿ ಅಕ್ಕಾ?"

"ಸಾಸಿವಿಕಾಳಿಗಿಂತ ಸಣ್ಣದು."

"ಅಷ್ಟರಾಗ ಎಲ್ಲಾ ತಿಳೀತದ?"

"ಎಲ್ಲಾ ಇಲ್ಲ. ಯಾವಾಗ ನಿಂದ್ರಬೇಕು, ಯಾವಾಗ ಏಳಬೇಕು, ಅಷ್ಟ ತಿಳೀತದ. ಅದೂ ಒಮ್ಮೊಮ್ಮೆ ತಪ್ಪತದ."

ಅವಳು ಹೂಂ ಎಂದು ಒಳಗೆ ಹೋದಳು. ಎಣ್ಣೆ ಬಿಸಿಯಾಗುವ ತನಕ ನಾನು ಕೂಸಿನ ಮುಖದಿಂದ ಕಣ್ಣು ತೆಗೆಯಲಿಲ್ಲ.