ರೊಟ್ಟಿಯಂತೆ ಉಬ್ಬಿದ ನೆಲ

ಬೈಲಹೊಂಗಲದ ನಮ್ಮ ನಡುಮನೆಗೆ ಲ್ಯಾಮಿನೇಟ್ ಹಲಗೆ ಹಾಸಿದವರು ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ. ಆಗ ರಣಬೇಸಿಗೆ. ಹಳೆಯ ಫರಸಿ ಕಲ್ಲಿನ ನೆಲದ ಮೇಲೆ ತೆಳು ಫೋಮ್ ಹರಡಿ, ಒಂದು ಹಲಗೆಯ ನಾಲಿಗೆಯನ್ನು ಇನ್ನೊಂದರ ಸೀಳಿಗೆ ಓರೆಯಾಗಿ ಕೊಟ್ಟು ಒತ್ತಿದರೆ ಟಕ್ಕೆಂದು ಕೂರುತ್ತಿತ್ತು. ತೇವಕ್ಕೆ ಹಲಗೆ ಹಿಗ್ಗುತ್ತದೆ, ಗೋಡೆಯ ಸುತ್ತ ಬೆರಳಗಲ ಜಾಗ ಬಿಡಬೇಕೆಂದು ಅಂಗಡಿಯವನು ಹೇಳಿದ್ದ. ಸಂದು ಬಿಡುವುದು ಕೆಲಸ ಬಾರದವರ ಲಕ್ಷಣವೆಂದು ನಾವಿಬ್ಬರೂ ಒಪ್ಪಿ, ಇರುವೆಯೂ ನುಸುಳದಂತೆ ಗೋಡೆಗೆ ಬಿಗಿದೆವು.

ಮುಂಗಾರು ಹಿಡಿದು ನಾಲ್ಕಾರು ದಿನವಾಗಿತ್ತು. ಒಳಗೆ ಒಂದು ಹನಿಯೂ ಬಿದ್ದಿರಲಿಲ್ಲ, ಆದರೂ ನೆಲ ನಟ್ಟನಡುವೆ ಉಬ್ಬಿ ನಿಂತಿತ್ತು. ಹೆಂಡತಿ ಅಂಗೈಯಿಂದ ಒತ್ತಿದಳು. ಉಬ್ಬು ಸರಿದು ಕಿಟಕಿಯ ಬಳಿ ಎದ್ದಿತು.

"ಇದು ಹಂಚಿನ ಮ್ಯಾಲಿನ ರೊಟ್ಟಿ ಆಗೇತ್ರಿ," ಅಂದಳು. "ಇಲ್ಲಿ ಒತ್ತಿದ್ರ ಅಲ್ಲಿ ಏಳತೈತಿ!"

ನನಗೆ ಸಿಟ್ಟು ನೆತ್ತಿಗೇರಿತು. ಗೋಡೆಯ ಬುಡದ ಪಟ್ಟಿಗಳನ್ನು ಕಿತ್ತೆಸೆದು, ಸಣ್ಣ ಗರಗಸದಿಂದ ಹಲಗೆಗಳ ಅಂಚನ್ನು ಬೆರಳಗಲ ಕೊಯ್ಯುತ್ತ ಹೋದೆ. ಕೊನೆಯ ಅಂಚು ಗೋಡೆಯಿಂದ ಬಿಡಿಸಿಕೊಂಡದ್ದೇ ತಡ, ಯಾರೂ ಮುಟ್ಟದೆ, ಇಡೀ ನೆಲ ಮೆಲ್ಲಗೆ ಕೆಳಗಿಳಿದು ಮಲಗಿತು. ಗರಗಸ ಹಿಡಿದ ಕೈ ಹಿಡಿದಂತೆಯೇ ಉಳಿಯಿತು.

"ಇದಕ್ಕ ಜೀವ ಐತೇನ್ರಿ?" ಹೆಂಡತಿ ಪಿಸುಗುಟ್ಟಿದಳು.

ಯಾವುದೋ ಮರವನ್ನು ಕಡಿದು, ಹಿಟ್ಟಿನಂತೆ ಪುಡಿ ಮಾಡಿ, ಅಂಟು ಕಲಸಿ ಒತ್ತಿ, ಅದರ ಮೇಲೆ ಮರದ ಚಿತ್ರವನ್ನೇ ಅಂಟಿಸಿ ಹಲಗೆಯೆಂದು ಮಾರಿದ್ದರು. ಇಷ್ಟೆಲ್ಲ ಆದಮೇಲೂ, ಹೊರಗೆ ಮಳೆ ಬಂದದ್ದು ಅದಕ್ಕೆ ಗೊತ್ತಾಗಿತ್ತು.