ಬಲಗೈಯಲ್ಲಿ ತಗೋ ಎಂದ ತಪ್ಪಿಗೆ

ಹಿಲ್ಸ್‌ಬರೋದಲ್ಲಿ ನಮ್ಮ ಗೋಡೆಗೆ ಅಂಟಿಕೊಂಡಿದ್ದ ಟೌನ್‌ಹೌಸಿಗೆ ಆ ಅಕ್ಟೋಬರಿನಲ್ಲಿ ಬಾಡಿಗೆಗೆ ಬಂದವನು ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವವನು. ಇಪ್ಪತ್ತಾರು ವರ್ಷ, ನಮ್ಮ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಟೀವಿಯಲ್ಲಿ ಕಾಣುವ ದೊಡ್ಡ ಲೀಗಿನವನಲ್ಲ. ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ, ಸಣ್ಣ ಊರುಗಳಲ್ಲಿ ಬಸ್ಸಿನಲ್ಲಿ ತಿರುಗುತ್ತಾ ಆಡುವ ಮೈನರ್ ಲೀಗಿನವನು. ಬೇಸಿಗೆಯಲ್ಲಿ ಮಾತ್ರ ಆಟದ ಸಂಬಳ. ಚಳಿಗಾಲವಿಡೀ ಬೆಳಿಗ್ಗೆ ಫರ್ನಿಚರ್ ಗೋದಾಮಿನಲ್ಲಿ ಕೆಲಸ, ಮಧ್ಯಾಹ್ನ ಅಭ್ಯಾಸ.

ನನ್ನ ಉದ್ಯೋಗ, ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಮುಂಚಿತವಾಗಿ ಹೆದರಿ ಹಳೆಯ ಪ್ರೋಗ್ರಾಮುಗಳಲ್ಲಿ ತಾರೀಖು ತಿದ್ದುವುದು. ಹುಟ್ಟಾ ಪುಕ್ಕಲನಾದ ನನಗೆ ಹೆದರುವುದಕ್ಕೆಂದೇ ಸಂಬಳ ಕೊಟ್ಟ ಏಕೈಕ ಕಾಲ ಅದು. ವಾರಕ್ಕೆರಡು ದಿನ ಮನೆಯಿಂದಲೇ ಮೋಡೆಮ್ ಹಚ್ಚಿ ಕೆಲಸ ಮಾಡುತ್ತಿದ್ದೆ. ಆಗ ಪಕ್ಕದ ಗ್ಯಾರೇಜಿನಿಂದ ‘ಧಬ್’ ಎಂಬ ಸದ್ದು. ಒಂದು ನಿಮಿಷ ಬಿಟ್ಟು ಮತ್ತೆ ‘ಧಬ್’. ಗೋಡೆ ಬಿರುಕು ಬಿಟ್ಟರೆ ಇನ್ಶೂರೆನ್ಸಿನವರಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಎರಡು ಪತ್ರ ಬರೆದು, ಮೂರನೇ ದಿನ ದೂರು ಹೇಳಲು ಹೋದೆ.

ಹೋದವನು ನೋಡುತ್ತಾ ನಿಂತುಬಿಟ್ಟೆ. ಅವನು ಡ್ರೈವ್‌ವೇಯ ತುದಿಯಲ್ಲಿ ಚಳಿಯಲ್ಲಿ ನಿಂತು, ತೆರೆದ ಗ್ಯಾರೇಜಿನೊಳಗೆ ಒರಗಿಸಿದ ಹಳೆಯ ಹಾಸಿಗೆಗೆ ಚೆಂಡು ಎಸೆಯುತ್ತಿದ್ದ. ಹಾಸಿಗೆಯ ಮೇಲೆ ಊಟದ ತಟ್ಟೆಯಗಲದ ಒಂದು ಟೇಪಿನ ಚೌಕ. ಎಸೆತ ಅದರಿಂದ ನಾಲ್ಕು ಬೆರಳು ತಪ್ಪಿದರೂ ತಲೆಯಾಡಿಸಿ, ನಡೆದುಹೋಗಿ ಚೆಂಡು ತಂದು, ಉಸಿರು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ. ಬೇಸರವೇ ಇಲ್ಲ. ನಾನಾದರೋ ಒಂದೇ ತಾರೀಖನ್ನು ಎರಡು ಸಲ ತಿದ್ದಬೇಕಾದರೆ ಕಾಫಿಗೆ ಎದ್ದುಹೋಗುವವನು.

ಇಂಥವನ ಬಗ್ಗೆ ನನ್ನ ಹೆಂಡತಿಗೆ ಒಂದೇ ತಕರಾರು. ಬ್ರಿಡ್ಜ್‌ವಾಟರ್ ದೇವಸ್ಥಾನದಿಂದ ತಂದ ಲಡ್ಡು ಕೊಡಲು ಹೋಗಿ ಮುಖ ಊದಿಸಿಕೊಂಡು ಬಂದಳು.

“ಪ್ರಸಾದಾನ ಎಡಗೈಲಿ ತಗೊಂಡ ಕಣ್ರೀ! ಬಲಗೈ ಜೇಬಲ್ಲಿಟ್ಕೊಂಡು, ಜಮೀನ್ದಾರನ ಹಾಗೆ.”

“ಅವನಿಗೇನೇ ಗೊತ್ತಾಗತ್ತೆ?”

“ಗೊತ್ತಿಲ್ದಿದ್ರೆ ಹೇಳಿ. ಆಫೀಸಲ್ಲಿ ದೋಸೆ ಬಗ್ಗೆ ಲೆಕ್ಚರ್ ಕೊಡ್ತೀರಲ್ಲ, ಹಾಗೆ.”

ಹೇಳಿದೆ. ನಮ್ಮಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಬಲಗೈಯಲ್ಲೇ ಎಂದು, ಇಡೀ ಸಂಸ್ಕೃತಿಯ ವಕೀಲಿಕೆ ನನ್ನದೇ ಎಂಬಂತೆ ಕಾಲು ಗಂಟೆ ಕೊರೆದೆ. ಅವನು ಪೂರ್ತಿ ಕೇಳಿ, “ಗೊತ್ತಿರ್ಲಿಲ್ಲ ಸರ್, ಸಾರಿ,” ಎಂದ. ಅಷ್ಟೇ.

ಜನವರಿಯಲ್ಲಿ ಒಂದು ದಿನ ಅವನೇ ಬಂದು, ಒಂದು ಬಕೆಟ್ ಅಕ್ಕಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಅಕ್ಕಿಯಲ್ಲಿ ಮಣಿಕಟ್ಟಿನವರೆಗೆ ಕೈ ಹೂತು ಬೆರಳುಗಳನ್ನು ಮುಚ್ಚಿ ತೆರೆದು ಮಾಡಿದರೆ ಹಿಡಿತ ಗಟ್ಟಿಯಾಗುತ್ತದಂತೆ. ಅವನ ಹಳೆಯ ಅಕ್ಕಿ ಪುಡಿಯಾಗಿತ್ತು.

“ಹಾಗಾದ್ರೆ ಇಷ್ಟು ವರ್ಷ ಕಲ್ಲು ಆರಿಸಿದ ನಾನು ಪೈಲ್ವಾನ್ ಆಗಿರ್ಬೇಕಿತ್ತು,” ಎಂದಳು ಹೆಂಡತಿ. ಎಂದರೂ ಒಳಗಿಂದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎಳೆದು ತಂದಳು.

ಹೊಸ್ತಿಲಲ್ಲಿ ನಾನು ಚೀಲ ಮುಂದೆ ಚಾಚಿದೆ. ಅವನ ಎಡಗೈ ಬಂತು. ನನ್ನ ಮುಖ ನೋಡಿದ. ನೆನಪಾಗಿ ಎಡಗೈ ಹಿಂದೆಗೆದು ಬಲಗೈ ಚಾಚಿದ. ನಾನು ಮೆಚ್ಚಿ ತಲೆದೂಗಿದೆ. ಹಾಗೆ ತಲೆದೂಗಿದ್ದಕ್ಕೆ ಇವತ್ತಿಗೂ ನಾಚುತ್ತೇನೆ. ಚೀಲ ಹಿಡಿದು ಇಳಿಯುವಾಗ ಮೂರನೇ ಮೆಟ್ಟಿಲ ಮಂಜುಗಡ್ಡೆಯ ಮೇಲೆ ಅವನ ಕಾಲು ಜಾರಿತು. ಚೀಲ ಬಿಡಲಿಲ್ಲ ಪುಣ್ಯಾತ್ಮ. ಇಪ್ಪತ್ತು ಪೌಂಡೂ ಬಲಭುಜವನ್ನು ಜಗ್ಗಿಕೊಂಡೇ ಬಿತ್ತು. ಚೀಲ ಒಡೆದು ಚೆಲ್ಲಿದ ಅಕ್ಕಿ ಹಿಮದಲ್ಲಿ ಕಾಣಲೇ ಇಲ್ಲ, ಬಿಳಿಯಲ್ಲಿ ಬಿಳಿ.

“ಅಕ್ಕಿ ಚೆಲ್ಬಿಟ್ಟೆ, ಸಾರಿ,” ಎಂದ ಮೊದಲು. ಆಮೇಲೆ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿಕೊಂಡ. ಕೇಳಿದಾಗ ತಿಳಿಯಿತು. ಅವನು ಚೆಂಡು ಎಸೆಯುವುದು ಬಲಗೈಯಲ್ಲಿ, ಅಕ್ಟೋಬರಿನಿಂದ ಮಾರ್ಚಿನವರೆಗೆ ಆ ಕೈ ಅಭ್ಯಾಸಕ್ಕೆ ಮಾತ್ರ. ಬಾಗಿಲು, ಬ್ಯಾಗು, ಗೋದಾಮಿನ ಕುರ್ಚಿ ಮೇಜು ಎಲ್ಲ ಎಡಗೈಗೆ. ಫೆಬ್ರವರಿ ಕೊನೆಗೆ ಕ್ಲಬ್ಬಿನವರೊಬ್ಬರು ಬಂದು ಅವನ ಎಸೆತ ನೋಡುತ್ತಾರೆ. ಒಪ್ಪಿದರೆ ಫ್ಲಾರಿಡಾದ ತರಬೇತಿ ಶಿಬಿರ, ಇಲ್ಲವೆಂದರೆ ಆಟ ಮುಗಿಯಿತು. ಈ ವಯಸ್ಸಿನಲ್ಲಿ ಬಿಟ್ಟರೆ ಮತ್ತೆ ಯಾರೂ ಕರೆಯುವುದಿಲ್ಲ.

“ಮತ್ತೆ ನಾನು ಹೇಳಿದಾಗ ಯಾಕಪ್ಪಾ ಸುಮ್ನಿದ್ದೆ?”

“ನಿಮ್ಮ ದೇವರ ವಿಷಯ ಸರ್. ಅದ್ರಲ್ಲಿ ನಾನೇನು ವಾದ ಮಾಡ್ಲಿ?”

ಶಾಲೆಯಿಂದ ಬಂದ ಹತ್ತು ವರ್ಷದ ಮಗಳು ಕಥೆ ಕೇಳಿ ಬ್ಯಾಗು ಕೆಳಗೆ ಹಾಕಿದಳು. “ಅಪ್ಪಾ! ಯು ಬ್ರೋಕ್ ಅ ಪಿಚರ್?”

ಗೋಡೆಯಾಚೆ ಸದ್ದು ನಿಂತಿತು. ಹದಿನೇಳು ದಿನ. ಯಾವ ಸದ್ದಿಗೆ ದೂರು ಹೇಳಲು ಹೊರಟಿದ್ದೆನೋ ಅದಕ್ಕಾಗಿ ಗೋಡೆಗೆ ಕಿವಿಯಿಟ್ಟು ಕೂತೆ. ಅವನು ಮುರಿದುಹೋದ, ಮುಂದೆ ಗೋದಾಮಿನಲ್ಲೇ ಮುದುಕನಾದ, ಅಲ್ಲಿ ನಾನು ಸೋಫಾ ಕೊಳ್ಳಲು ಹೋದೆ ಎಂಬಲ್ಲಿಯವರೆಗೆ ಯೋಚಿಸಿಯಾಗಿತ್ತು. ಅವನು ಮಾತ್ರ ಗಡಿಯಾರದ ಹಾಗೆ ನಡೆದ. ಭುಜಕ್ಕೆ ಐಸು, ಬೆಳಕು ಹರಿಯುವ ಮುಂಚೆ ಓಟ, ಕಂಬಿಗೆ ರಬ್ಬರ್ ಪಟ್ಟಿ ಕಟ್ಟಿ ಅಂಗುಲ ಅಂಗುಲವಾಗಿ ಎಳೆತ. ಚೆಂಡಿನ ಬದಲು ಟವೆಲ್ ಹಿಡಿದು, ಗ್ಯಾರೇಜಿನಲ್ಲಿ ಸದ್ದಿಲ್ಲದೆ ಅದೇ ಎಸೆತ, ನೂರು ಸಲ. ಹೊಸ ಅಕ್ಕಿಯ ಬಕೆಟ್ಟನ್ನು ನಾನೇ ಎರಡೂ ಕೈಯಲ್ಲಿ ಹೊತ್ತು ಅವನ ಗ್ಯಾರೇಜಿನಲ್ಲಿಟ್ಟು ಬಂದೆ.

ಹದಿನೆಂಟನೇ ಮಧ್ಯಾಹ್ನ ಮೆತ್ತಗೆ ‘ಧಬ್’. ಕೀಬೋರ್ಡು ಬಿಟ್ಟು ಎದ್ದು ನಿಂತೆ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಬಂದಳು. ಮತ್ತೊಂದು ಕೇಳುವವರೆಗೆ ಇಬ್ಬರೂ ಗೋಡೆಗೆ ಒರಗಿ ಕಾದೆವು.

ಪರೀಕ್ಷೆಯ ದಿನ ಅವನು ಎಸೆತ ಮುಗಿಸಿ ಬಂದು ಕಾರಿನಿಂದ ಇಳಿಯುವುದನ್ನೇ ಕಿಟಕಿಯಲ್ಲಿ ಕಾದೆ. ಬ್ಯಾಗು ಎಡಭುಜದ ಮೇಲಿತ್ತು. ಇನ್ನೂ ಬಲಗೈಯನ್ನು ಕಾಪಾಡುತ್ತಿದ್ದಾನೆಂದರೆ ಅದಕ್ಕೆ ಇನ್ನೂ ಕೆಲಸವಿದೆ ಎಂದೇ ಅರ್ಥ! ಓಡಿ ಬಾಗಿಲು ತೆಗೆದೆ.

“ಹತ್ತು ಎಸೆತ ನೋಡಿ ಸಾಕು ಅಂದ್ಬಿಟ್ರು ಸರ್. ಎದೆ ಒಡೆದುಹೋಯ್ತು. ಆಮೇಲೆ, ಫ್ಲಾರಿಡಾಗೆ ಯಾವಾಗ ಬರ್ತೀಯ ಅಂದ್ರು.”

ಅವನು ಹೊರಡುವ ಬೆಳಿಗ್ಗೆ, ಮಂಜು ಗಟ್ಟಿಯಾಗದಿರಲೆಂದು ಮೆಟ್ಟಿಲಿಗೆಲ್ಲ ಎರಡು ಚೀಲ ಉಪ್ಪು ಸುರಿದಿದ್ದೆ. ಒಣಗಿದ ಮೆಟ್ಟಿಲ ಮೇಲೆ ಅದು ಕರಕರ ಎನ್ನುತ್ತಿತ್ತು. ಹೆಂಡತಿ ಪುಳಿಯೋಗರೆಯ ಡಬ್ಬಿ ಚಾಚಿದಳು. ಅವನು ಒಂದು ಕ್ಷಣ ತಡೆದು, ಬಲಗೈಯನ್ನು ಜೇಬಿನಿಂದ ಅರ್ಧ ಹೊರತೆಗೆದ. ಅವಳು ತಲೆಯಾಡಿಸಿ, ಡಬ್ಬಿಯನ್ನು ಅವನ ಎಡಗೈಯಲ್ಲೇ ಇಟ್ಟು, ನನ್ನ ಕಡೆ ತಿರುಗದೆಯೇ ಹೇಳಿದಳು:

“ನೀವು ಬಾಯಿ ತೆಗೀಬೇಡಿ.”