ಕಾಳಿನ ಚೀಲ ಮುಟ್ಟಿ ನೋಡುವ ಕಾಕು

ಮೂಡಲಗಿಯಲ್ಲಿ ನಾನು ಹೊಲಿಗೆ ಮೆಷಿನ್ ಹಾಕಿಕೊಂಡಿದ್ದ ಬಾಡಿಗೆ ಮನೆಗೂ ಕಾಕುವಿನ ಮನೆಗೂ ಹಿತ್ತಲು ಒಂದೇ. ಕಾಕು ಅಂದರೆ ಚಿಕ್ಕಮ್ಮ, ಆದರೆ ಅವರು ನನಗೆ ಸಂಬಂಧಿಯಲ್ಲ. ಪಕ್ಕದ ಮನೆಯ ಹಿರಿಯರು, ಕುರಿ ಸಾಕುವ ಮನೆತನದವರು. ಅವರ ಕೋಳಿಗಳನ್ನು ನೋಡಿ ಆಸೆಪಟ್ಟು ನಾನೂ ನಾಲ್ಕು ಜವಾರಿ ಕೋಳಿ ತಂದಿದ್ದೆ.

ದಿನಾ ಬೆಳಗ್ಗೆ ಕಾಳು ಹಾಕುವ ಮುಂಚೆ ಕಾಕು ಒಂದೊಂದೇ ಕೋಳಿಯನ್ನು ಅವುಚಿಕೊಂಡು ಅದರ ಕುತ್ತಿಗೆಯ ಬುಡವನ್ನು ಎರಡು ಬೆರಳಿನಿಂದ ಮುಟ್ಟುತ್ತಿದ್ದರು. ಮುದ್ದು ಮಾಡುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ನನ್ನ ಕೆಂಪು ಕೋಳಿಯನ್ನೂ ಎತ್ತಿಕೊಂಡರು. ಬೆರಳು ಅಲ್ಲೇ ನಿಂತಿತು.

"ಇಲ್ಲಿ ಮುಟ್ಟು ಬಾ. ತಿಂದ ಕಾಳು ಮೊದಲ ಈ ಚೀಲದಾಗ ಬೀಳತೈತಿ. ಸಂಜಿಕ ತುಂಬಿರಬೇಕು, ಮುಂಜಾನಿ ಖಾಲಿ ಇರಬೇಕು. ಇದು ನೋಡು, ಕಣಕದ ಉಂಡಿ ಆಗೇತಿ."

ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನು ಇಣುಕಿ, "ತಲಿಕೆಳಗ ಹಿಡದು ಝಾಡಿಸ್ರಿ ಕಾಕು, ಎಲ್ಲಾ ಹೊರಗ ಬರತೈತಿ" ಎಂದ.

"ಬ್ಯಾಡಪಾ. ಉಸಿರಿನ ನಳಿಗ್ಯಾಗ ಹೋದ್ರ ಅಲ್ಲೇ ಸಾಯತೈತಿ."

ಆ ದಿನ ಕಾಳು ಬಂದ್ ಮಾಡಿಸಿ ನೀರಷ್ಟೇ ಇಡಿಸಿದರು. ಆಗಾಗ ಬಂದು ಚೀಲವನ್ನು ಮೆಲ್ಲಗೆ ತಿಕ್ಕಿದರು. ಮರುದಿನವೂ ಗಡ್ಡೆ ಕರಗಿರಲಿಲ್ಲ. ಕಾಕು ಸೆರಗು ಸರಿ ಮಾಡಿಕೊಂಡು, "ನನ್ನ ಕೈಗೆ ಗೊತ್ತಿದ್ದದ್ದು ಇಷ್ಟ. ಮುಂದಿಂದು ಡಾಕ್ಟರ್ ನೋಡ್ಲಿ, ನಡಿ" ಎಂದರು. ಇಷ್ಟು ತಿಳಿದವರು ತಮಗೆ ತಿಳಿಯದ್ದನ್ನು ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಇವತ್ತಿಗೂ ಸೋಜಿಗ.

ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಬಸ್ಸಿನಲ್ಲಿ ಗೋಕಾಕಕ್ಕೆ, ದನದ ದವಾಖಾನೆಗೆ ಹೋದೆವು. ಡಾಕ್ಟರು ಚೀಲವನ್ನು ಸ್ವಲ್ಪವೇ ಕೊಯ್ದು ಒಳಗಿನ ಮುದ್ದೆ ಹೊರತೆಗೆದರು. ಉದ್ದ ಹುಲ್ಲು, ಅದಕ್ಕೆ ಸುತ್ತಿಕೊಂಡ ನೀಲಿ ದಾರ, ಗುಲಾಬಿ ದಾರ. ಎಲ್ಲ ನನ್ನವೇ, ಕತ್ತರಿಸಿದ ದಾರವನ್ನು ಹಿತ್ತಲಿಗೆ ಗುಡಿಸುತ್ತಿದ್ದವಳು ನಾನೇ.

"ಇನ್ನೆರಡು ದಿನ ಬಿಟ್ಟಿದ್ರ ಉಳೀತಿರಲಿಲ್ಲ. ಯಾರು ನೋಡಿದ್ರಿ ಇದನ್ನ?" ಎಂದು ಡಾಕ್ಟರು ಹೊಲಿಗೆ ಹಾಕುತ್ತಾ ಕೇಳಿದರು. ನಾನು ಕಾಕುವಿನತ್ತ ಕೈ ತೋರಿಸಿದೆ. ಅವರು ನಾಚಿ ಗೋಡೆ ಕಡೆ ನೋಡಿದರು.

ಬಸ್ಸಿನಲ್ಲಿ ಬೈಗುಳಕ್ಕೆ ಕಾದೆ. ಬರಲಿಲ್ಲ. "ಕೋಳಿಗೆ ದಾರಾನೂ ಹುಳಾನೂ ಒಂದ" ಎಂದಷ್ಟೇ ಕಾಕು ಹೇಳಿದರು. ಮರುದಿನ ನನ್ನ ಮೆಷಿನ್ ಕಾಲಿಗೆ ಒಂದು ಹಳೆಯ ಚೀಲ ಕಟ್ಟಿ ಹೋಗಿದ್ದರು, ದಾರ ಹಾಕಲು.

ಆಮೇಲೆ ಅವರ ಹಿಂದೆ ಹಿಂದೆ ತಿರುಗಿ ಕಲಿತೆ. ನೀರಿನ ಪರಾತ ದಿನಾ ತಿಕ್ಕಬೇಕು. ಬೂಸು ಹಿಡಿದ ಗೋವಿನಜೋಳವನ್ನು ಎಷ್ಟೇ ಇದ್ದರೂ ಚೆಲ್ಲಬೇಕು. ಹಲ್ಲಿಲ್ಲದ ಕೋಳಿಗೆ ಕಾಳು ಅರೆಯಲು ಸಣ್ಣ ಹರಳು ಬೇಕೆಂದು ಅವರು ಹೊಳೆಯ ದಪ್ಪ ಮರಳನ್ನು ಜರಡಿ ಹಿಡಿದು ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು.

"ಇದೆಲ್ಲಾ ಯಾರು ಕಲಿಸಿದ್ರು, ಕಾಕು?"

"ಕುರಿ ಹೊಟ್ಟಿ ಮುಟ್ಟಿ ನೋಡಿ ಬೆಳದಾಕಿ ನಾ. ಬಾಯಿಲ್ಲದ ಜೀವಕ್ಕ ಹೇಳಾಕ ಬರತೈತೇನ? ಮುಟ್ಟೇ ತಿಳೀಬೇಕು."

ಕೆಂಪು ಕೋಳಿ ಕೆಲವು ವಾರಗಳ ಮೇಲೆ ಮತ್ತೆ ಮೊಟ್ಟೆ ಇಟ್ಟಿತು. ಮೊದಲನೆಯದನ್ನು ಕಾಕುವಿಗೆ ಕೊಟ್ಟೆ. ಅವರು ತಿನ್ನಲಿಲ್ಲ, ಮರುದಿನ ಕಾವಿಗೆ ಇಡಬೇಕಿದ್ದ ಮೊಟ್ಟೆಗಳ ಜೊತೆ ಬುಟ್ಟಿಯಲ್ಲಿ ಜೋಪಾನವಾಗಿ ಇಟ್ಟರು.